ಗಾಡಿಯ ಕೊರಳಿಗೆ ಬಿದ್ದ ಹಾರ

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಮೊಳೆ ಇತ್ತು. ಆ ಮೊಳೆಗೆ ಒಣಗಿ ಕಪ್ಪಾದ ಎರಡು ಚೆಂಡುಹೂವಿನ ಹಾರ ನೇತಾಡುತ್ತಿದ್ದವು. ಎರಡೂ ನಮ್ಮ ಯಜಮಾನರು ಮೋಟರ್‌ಸೈಕಲ್ ಓಟದಲ್ಲಿ ಗೆದ್ದು ಕೊರಳಿಗೆ ಹಾಕಿಸಿಕೊಂಡು ಬಂದವು. ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈ ಸೇರುವ ಮೊದಲೇ ಇವರ ಬೆರಳು ಆ ಮೊಳೆಯ ಕಡೆ ಹೋಗುತ್ತಿತ್ತು.

“ಗಾಡಿ ಅಂದ್ರೆ ಏನ್ ಸ್ವಾಮಿ, ಬರೀ ಕಬ್ಬಿಣ. ಗೆಲ್ಲೋದು ಓಡ್ಸೋನು.”

ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. ಆ ಬರೀ ಕಬ್ಬಿಣವನ್ನು ಬಿಚ್ಚಿ, ಉಜ್ಜಿ, ಜೋಡಿಸಿ, ಓಟಕ್ಕೆ ಸಜ್ಜು ಮಾಡಿ ಕಳಿಸುತ್ತಿದ್ದವಳು ನಾನು. ಬಂದವರು “ಗಾಡಿ ಯಾರ ಹತ್ರ ಮಾಡಿಸ್ತೀರಿ?” ಎಂದು ಕೇಳಿದರೆ ಇವರು “ನಮ್ಮ ಮಾವನ ಅಂಗಡಿ, ಶ್ರೀನಿವಾಸಪುರ” ಎಂದುಬಿಡುತ್ತಿದ್ದರು. ನಮ್ಮಪ್ಪ ಆ ಗಾಡಿಯ ಒಂದು ನಟ್ಟನ್ನೂ ಮುಟ್ಟಿದವರಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹುಟ್ಟಿ ಬೆಳೆದದ್ದು ಶ್ರೀನಿವಾಸಪುರ, ಕೊಟ್ಟದ್ದು ಮುಳಬಾಗಿಲಿಗೆ. ಅಪ್ಪನದು ಪಂಪ್‌ಸೆಟ್ ರಿಪೇರಿ ಅಂಗಡಿ. ಸುತ್ತಲಿನ ಮಾವಿನ ತೋಟಗಳ ಡೀಸೆಲ್ ಇಂಜಿನ್ನುಗಳು ಕೆಟ್ಟರೆ ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ನಮ್ಮ ಅಂಗಡಿಗೇ ಬರುತ್ತಿದ್ದವು. ಗಂಡುಮಕ್ಕಳಿಲ್ಲದ್ದಕ್ಕೆ ಅಪ್ಪ ನನಗೆ ಕೆಲಸ ಕಲಿಸಿದರು ಎಂದು ನೆಂಟರು ಹೇಳುತ್ತಾರೆ. ಸುಳ್ಳು. ಅಪ್ಪ ಕಲಿಸಲಿಲ್ಲ, ನಾನು ಅಲ್ಲಿಂದ ಏಳಲಿಲ್ಲ, ಅಷ್ಟೇ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಹಿಡಿದು ಒಳಗೆ ಏನು ಸವೆದಿದೆ ಎಂದು ಹೇಳುವುದು ನನಗೆ ರೊಟ್ಟಿ ತಟ್ಟುವುದಕ್ಕಿಂತ ಮೊದಲು ಬಂತು. ರೊಟ್ಟಿ ಇವತ್ತಿಗೂ ಅಷ್ಟಕ್ಕಷ್ಟೆ.

ಗಂಡನ ಮನೆಯವರದು ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಣೆ. ಗೂಡಿನ ಮೂಟೆ ಮಾರುಕಟ್ಟೆಗೆ ಸಾಗಿಸಲೆಂದು ಇವರು ಒಂದು ಹಳೆಯ ಮೋಟರ್‌ಸೈಕಲ್ ಕೊಂಡಿದ್ದರು. ಎರಡು ಸೈಲೆನ್ಸರ್, ಕಿಕ್ಕರೂ ಗೇರೂ ಒಂದೇ ಕಡ್ಡಿ. ಮದುವೆಯಾಗಿ ತಿಂಗಳಾಗಿರಲಿಲ್ಲ, ಗಾಡಿ ಏರು ಹತ್ತುತ್ತಿಲ್ಲ ಎಂದು ಇವರು ಅಂಗಳದಲ್ಲಿ ಬೈಯುತ್ತಿದ್ದರು. ಬೈಗುಳ ಕೇಳಲಾರದೆ ನಾನು ಸೈಲೆನ್ಸರ್ ಬಿಚ್ಚಿ, ಒಳಗೆ ಕಟ್ಟಿದ್ದ ಮಸಿಯನ್ನು ಕೆರೆದು ಹಾಕಿದೆ. ಮಾರನೇ ದಿನ ಗಾಡಿ ಮೂರು ಮೂಟೆ ಹೊತ್ತು ಹಾರಿಕೊಂಡು ಹೋಯಿತು. ಅಂದಿನಿಂದ ಆ ಗಾಡಿ ನನ್ನ ಪಾಲಿಗೆ ಬಂತು.

ಇದಕ್ಕೆ ಅಡ್ಡ ಬಂದವರು ನಮ್ಮ ಅತ್ತೆ. ಕೆಟ್ಟವರಲ್ಲ. ಆದರೆ ರೇಷ್ಮೆಹುಳುವಿಗೆ ವಾಸನೆ ಆಗುವುದಿಲ್ಲ. ಸೀಮೆಎಣ್ಣೆ, ಹೊಗೆಸೊಪ್ಪು, ಪೆಟ್ರೋಲು, ಯಾವುದು ತಗುಲಿದರೂ ಹುಳ ಸೊಪ್ಪು ಬಿಟ್ಟು ಮಲಗಿಬಿಡುತ್ತದೆ, ಒಂದು ಬೆಳೆಯೇ ಹೋಗುತ್ತದೆ. ಹಾಗಾಗಿ ಹುಳದ ಮನೆಯ ಬಾಗಿಲಲ್ಲಿ ಅತ್ತೆ ನನ್ನ ಕೈ ಹಿಡಿದು ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ನಾನು ಮಧ್ಯಾಹ್ನ ಅವರು ಮಲಗಿದಾಗ ಗಾಡಿ ಕೆಲಸ ಮುಗಿಸಿ, ಹುಣಸೆಹಣ್ಣು ಬೂದಿ ಹಾಕಿ ಕೈ ತಿಕ್ಕಿ, ಸೀಗೇಕಾಯಿಯಲ್ಲಿ ತೊಳೆದು ಬರುತ್ತಿದ್ದೆ. ಆದರೂ ಸಿಕ್ಕಿಬೀಳುತ್ತಿದ್ದೆ. “ಸೊಸೇನ ತಂದ್ನೋ, ಪೆಟ್ರೋಲ್ ಬಂಕ್ ತಂದ್ನೋ,” ಎಂದು ಅತ್ತೆ ಗೊಣಗಿ ನನ್ನನ್ನು ವಾಪಸ್ಸು ಬಚ್ಚಲಿಗೆ ಅಟ್ಟುತ್ತಿದ್ದರು.

ಓಟ ನಡೆಯುತ್ತಿದ್ದದ್ದು ಶ್ರೀನಿವಾಸಪುರದ ದಾರಿಯ ಒಂದು ಕೆರೆಯ ಅಂಗಳದಲ್ಲಿ. ಬೇಸಿಗೆಗೆ ಕೆರೆ ಬತ್ತಿ, ಮಣ್ಣು ಒಣಗಿ ಪುಡಿಪುಡಿಯಾಗುತ್ತಿತ್ತು. ಮಾವಿನ ಸುಗ್ಗಿ ಶುರುವಾಗುವ ಮೊದಲು, ಮಂಡಿಯವರಿಗೆ ಕೆಲಸವಿಲ್ಲದ ದಿನಗಳಲ್ಲಿ, ಅವರೇ ಸುಣ್ಣದ ಗೆರೆ ಎಳೆದು, ತಿರುವುಗಳಲ್ಲಿ ಹಣ್ಣಿನ ಖಾಲಿ ಪೆಟ್ಟಿಗೆ ಜೋಡಿಸಿ ಓಟ ಇಡುತ್ತಿದ್ದರು. ಎಂಟು ಸುತ್ತು. ಕೋಲಾರ, ಮಾಲೂರು, ತಾಯಲೂರು ಕಡೆಯಿಂದೆಲ್ಲ ಜನ ಬರುತ್ತಿದ್ದರು. ವಾರವೆಲ್ಲ ಹಾಲಿನ ಕ್ಯಾನು, ಗೂಡು, ತರಕಾರಿ ಹೊರುವ ಗಾಡಿಗಳೇ ಅಂದು ಕನ್ನಡಿ, ಕ್ಯಾರಿಯರ್ ಬಿಚ್ಚಿಕೊಂಡು ಸಾಲಾಗಿ ನಿಲ್ಲುತ್ತಿದ್ದವು.

ಮೊದಮೊದಲು ಓಟ ಮುಗಿದ ಮೇಲೆ ಜಗಳ ತಪ್ಪುತ್ತಿರಲಿಲ್ಲವಂತೆ. ಸೋತವನು “ಅವನ ಗಾಡಿ ಜೋರು, ಅದಕ್ಕೇ ಗೆದ್ದ” ಎನ್ನುವುದು, ಗೆದ್ದವನು “ನಿನಗೆ ಓಡ್ಸೋಕೆ ಬರಲ್ಲ ಹೋಗೋ” ಎನ್ನುವುದು, ಮಂಡಿಯವರು ಮಧ್ಯೆ ಬಿದ್ದು ಬಿಡಿಸುವುದು. ಕೊನೆಗೆ ಮಂಡಿಯ ಹಿರಿಯ ಯಜಮಾನರೊಬ್ಬರು ಒಂದು ಕಟ್ಟಳೆ ಮಾಡಿದರು. ತೀರ್ಪುಗಾರರು ಮಜ್ಜಿಗೆ ಕುಡಿದು ಲೋಟ ಕೆಳಗಿಡುವಷ್ಟರೊಳಗೆ ಎರಡನೇ ಜಾಗ ಬಂದವನು “ಬದಲಿ” ಎಂದು ಕೇಳಬಹುದು. ಕೇಳಿದರೆ ಮೊದಲನೆಯವನೂ ಎರಡನೆಯವನೂ ಗಾಡಿ ಅದಲುಬದಲು ಮಾಡಿಕೊಂಡು ಇನ್ನು ಮೂರು ಸುತ್ತು ಓಡಿಸಬೇಕು. ಅದಕ್ಕೆ ಮುಂಚೆ ಗಾಡಿ ಸಜ್ಜು ಮಾಡಿದವರು ತಮ್ಮ ತಮ್ಮ ಗಾಡಿಗೆ ಕೈಹಚ್ಚಲು ಹತ್ತು ನಿಮಿಷ. ಅದೇ ಮನುಷ್ಯ ಮತ್ತೆ ಗೆದ್ದರೆ ಹಾರ ಮನುಷ್ಯನಿಗೆ. ಅದೇ ಗಾಡಿ ಮತ್ತೆ ಗೆದ್ದರೆ ಹಾರ ಗಾಡಿಗೆ, ಅದನ್ನು ಸಜ್ಜು ಮಾಡಿದವರು ಬಂದು ಹ್ಯಾಂಡಲ್ ಹಿಡಿದು ಜನರ ಮುಂದೆ ನಿಲ್ಲಬೇಕು.

ಇರುವುದು ಒಂದೇ ಹಾರ. ಬದಲಿ ಕೇಳಿ ಮತ್ತೆ ಸೋತರೆ ಎರಡೆರಡು ಸಲ ಮಾನ ಹೋಗುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ನಾನಂತೂ ಇವರು ಗೆದ್ದ ಆ ಎರಡು ವರ್ಷವೂ ಮನೆಯಲ್ಲಿ ಕೂತು, ಯಾರಾದರೂ ಒಬ್ಬ ಗಂಡಸು ಬದಲಿ ಕೇಳಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಆ ಗಾಡಿ ನನ್ನದು ಎಂದು ಒಂದೇ ಒಂದು ಸಲ ನಾಲ್ಕು ಜನರ ಮುಂದೆ ಗೊತ್ತಾಗಬೇಕಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ನಮ್ಮವರು ಓಡಿಸುವುದರಲ್ಲಿ ಧೈರ್ಯಸ್ಥರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಕಾಲು ಒರಟು. ತಿರುವು ಮುಗಿಯುತ್ತಿದ್ದ ಹಾಗೇ ಎಕ್ಸಲೇಟರನ್ನು ಒಂದೇ ಸಲಕ್ಕೆ ತಿರುಚಿಬಿಡುತ್ತಿದ್ದರು, ಹಿಂದಿನ ಗಾಲಿ ನಿಂತಲ್ಲೇ ಮಣ್ಣು ಅಗೆಯುತ್ತಿತ್ತು. ಓಡಿಸುವಷ್ಟು ಹೊತ್ತೂ ಕ್ಲಚ್ಚಿನ ಮೇಲೆ ಎರಡು ಬೆರಳು ಇಟ್ಟೇ ಇರುವ ಚಟ. ಬ್ರೇಕನ್ನಂತೂ ಹಾವು ಕಂಡವರಂತೆ ತುಳಿಯುತ್ತಿದ್ದರು. ಹೇಳಿದರೆ ಕೇಳುವ ಜನವಲ್ಲ. ಅದಕ್ಕೆ ನಾನು ಗಾಡಿಗೇ ಹೇಳಿಕೊಟ್ಟೆ. ಎಕ್ಸಲೇಟರ್ ಕೇಬಲ್ ಸಡಿಲ ಬಿಟ್ಟೆ, ಇವರ ಮೊದಲ ಜಗ್ಗಾಟವೆಲ್ಲ ಆ ಸಡಿಲದಲ್ಲೇ ಮುಗಿದು ಇಂಜಿನ್ನಿಗೆ ಮೆಲ್ಲಗೆ ತಲುಪುವ ಹಾಗೆ. ಕ್ಲಚ್ ಕೇಬಲ್ ಸಡಿಲ ಬಿಟ್ಟೆ, ಇವರ ಬೆರಳಿನ ಭಾರ ಅದಕ್ಕೆ ತಾಗದ ಹಾಗೆ. ಹಿಂದಿನ ಬ್ರೇಕೂ ಸಡಿಲ. ಧೂಳು ಒಳಗೆ ಹೋಗದಂತೆ, ಕೂಸುಗಳ ರಾಗಿ ಸರಿಗೆ ಹಿಟ್ಟು ಸೋಸುತ್ತೇವಲ್ಲ, ಆ ತೆಳುಬಟ್ಟೆಯನ್ನು ಎರಡು ಪದರ ಮಾಡಿ ಎಣ್ಣೆಯಲ್ಲಿ ಅದ್ದಿ ಗಾಳಿ ಎಳೆಯುವ ಕಡೆ ಕಟ್ಟಿದೆ. ಪ್ಲಗ್, ಪಾಯಿಂಟ್ ಎಲ್ಲ ಉಜ್ಜಿ, ಸೀರೆ ಎತ್ತಿ ಕಟ್ಟಿ, ಹಿಪ್ಪುನೇರಳೆ ತೋಟದ ಕಾಲುದಾರಿಯಲ್ಲಿ ನಾನೇ ಎರಡು ಸಲ ಓಡಿಸಿ ನೋಡುತ್ತಿದ್ದೆ. ಈ ಸಡಿಲದ ಗುಟ್ಟನ್ನು ಇವರಿಗೆ ಹೇಳಲಿಲ್ಲ. ಹೇಳಿದರೆ ಹಟಕ್ಕೆ ಬಿಗಿ ಮಾಡಿಸುತ್ತಾರೆ ಎಂದು ಗೊತ್ತಿತ್ತು.

ಮೂರನೇ ವರ್ಷ ನಾನೂ ಹೊರಟೆ. ತವರಿಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿ ಗಾಡಿಯ ಹಿಂದೆ ಕೂತೆ. ತೊಡೆಯ ಮೇಲೆ ಬಟ್ಟೆಯ ಚೀಲ, ಮೇಲೆ ಚಿತ್ರಾನ್ನದ ಡಬ್ಬಿ, ಕೆಳಗೆ ಸ್ಪ್ಯಾನರುಗಳು.

ಕೆರೆಯ ಅಂಗಳದಲ್ಲಿ ಹೊಂಗೆಮರದ ಕೆಳಗೆ ನಾಲ್ಕೈದು ಹೆಂಗಸರ ಜೊತೆ ನನ್ನನ್ನು ಕೂರಿಸಿ ಇವರು ಹೋದರು. ಆ ಸಲ ಇವರಿಗೆ ಎದುರಾಳಿ ಎಂದರೆ ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಸಣಕಲ ಹುಡುಗ. ಹುಡುಗ ಅಂದೆ, ಇಪ್ಪತ್ತೈದಾದರೂ ಇತ್ತು, ಮೀಸೆ ಮಾತ್ರ ಸರಿಯಾಗಿ ಬಂದಿರಲಿಲ್ಲ. ನಮ್ಮಂಥದ್ದೇ ಗಾಡಿ. ಅದನ್ನು ಸಜ್ಜು ಮಾಡಿದ್ದವನು ಕೋಲಾರದ ಒಬ್ಬ ಗ್ಯಾರೇಜಿನವನು, ದೊಡ್ಡ ಬಾಯಿ. ವೇಗ ಬರಲಿ ಎಂದು ಆ ಮಹಾನುಭಾವ ಗಾಳಿಯ ಜಾಲರಿಯನ್ನೇ ಕಿತ್ತು ಎಸೆದಿದ್ದ. ಅಷ್ಟು ಧೂಳಿನಲ್ಲಿ!

ಓಟ ಶುರುವಾಯಿತು. ಎರಡನೇ ಸುತ್ತಿಗೆ ಉಳಿದವರೆಲ್ಲ ಹಿಂದೆ ಬಿದ್ದು ಇವರಿಬ್ಬರೇ ಮುಂದೆ ಉಳಿದರು. ಆ ಹುಡುಗ ಓಡಿಸುವುದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಕೈ ಅಲ್ಲಾಡುವುದೇ ಕಾಣದು, ತಿರುವಿನಲ್ಲಿ ಬೆಣ್ಣೆ ಜಾರಿದ ಹಾಗೆ ಜಾರಿ ಬರುತ್ತಿದ್ದ. ನಮ್ಮವರು ಗುದ್ದಾಡಿಕೊಂಡು, ಒದ್ದಾಡಿಕೊಂಡು ಅವನ ಹಿಂದೆ. ಐದನೇ ಸುತ್ತಿನವರೆಗೂ ಅವನೇ ಮುಂದೆ. ಆರಕ್ಕೆ ಅವನ ಗಾಡಿ ಕೆಮ್ಮಿತು. ಧೂಳು ಕುಡಿದು ಕುಡಿದು ಅದರ ಉಸಿರು ಕಟ್ಟುತ್ತಿತ್ತು. ನಮ್ಮ ಗಾಡಿ ಮಾತ್ರ ಹೊರಟಾಗ ಹಾಡುತ್ತಿದ್ದ ಶ್ರುತಿಯಲ್ಲೇ ಹಾಡುತ್ತಿತ್ತು. ಎಂಟನೇ ಸುತ್ತಿನಲ್ಲಿ ಇವರು ಅವನನ್ನು ದಾಟಿ ಗೆದ್ದರು.

ನಾನು ಚಪ್ಪಾಳೆ ತಟ್ಟಿದೆ. ಇವರು ಎರಡೂ ಕೈ ಮೇಲೆತ್ತಿ ಕುಣಿದರು. ತೀರ್ಪುಗಾರರಾಗಿ ಕೂತಿದ್ದ ಮಂಡಿಯ ಹಿರಿಯ ಯಜಮಾನರ ಕೈಗೆ ಮಜ್ಜಿಗೆ ಲೋಟ ಬಂತು. ಆಗ ಮಾಲೂರಿನವನು ಮುಖದ ಧೂಳು ಒರೆಸಿಕೊಂಡು ಯಜಮಾನರ ಮುಂದೆ ಹೋಗಿ ನಿಂತು, ಜಗಳದ ದನಿಯಲ್ಲಲ್ಲ, ಅಂಗಡಿಯಲ್ಲಿ ಬೆಲ್ಲ ಕೇಳುವವರ ಹಾಗೆ, “ಯಜಮಾನ್ರೇ, ಬದಲಿ,” ಅಂದ.

 ಕೆರೆಯ ಅಂಗಳದಲ್ಲೆಲ್ಲ ಹೋ ಎಂದು ಸದ್ದೆದ್ದಿತು. ಯಜಮಾನರು ಲೋಟ ಕೆಳಗಿಟ್ಟು, “ಭಲೇ ರಾ! ಹತ್ತು ನಿಮಿಷ. ಗಾಡಿ ಸಜ್ಜು ಮಾಡಿದೋರು ಬರ್ರಪ್ಪಾ,” ಎಂದು ಕೂಗಿದರು. ಕೋಲಾರದವನು ತನ್ನ ಪೆಟ್ಟಿಗೆ ಎತ್ತಿಕೊಂಡು ಓಡಿದ. ನಾನೂ ಚೀಲಕ್ಕೆ ಕೈ ಹಾಕಿದೆ.

ಅಷ್ಟರಲ್ಲಿ ಇವರು ಹೊಂಗೆಮರದ ಕಡೆ ಬಿರಬಿರನೆ ಬಂದರು. ಬಗ್ಗಿ, ದನಿ ತಗ್ಗಿಸಿ ಹೇಳಿದರು.

“ನೀನು ಎದ್ದು ಬರ್ಬೇಡ ಕಣೇ. ಮಾವ ಬಂದಿಲ್ಲ, ಯಾರೂ ಮುಟ್ಟೋದು ಬೇಡ ಅಂತೀನಿ. ಗಾಡಿ ಹಂಗೇ ಇರ್ಲಿ.”

“ಯಾಕ್ರೀ?”

“ಕೇಬಲ್ಲೆಲ್ಲ ನನ್ನ ಕೈಗೆ ಅಂತ ಸಡಿಲ ಬಿಟ್ಟಿದ್ದೀಯಲ್ಲ. ಅವನಿಗೆ ಒಗ್ಗಲ್ಲ. ಮೊದಲ್ನೇ ತಿರುವಲ್ಲೇ ತಬ್ಬಿಬ್ಬಾಗ್ತಾನೆ ನೋಡು.”

ನಾನು ಅವರ ಮುಖ ನೋಡಿದೆ. ಮೂರು ವರ್ಷ. ಮೂರು ವರ್ಷದಿಂದ ನಾನು ಗುಟ್ಟು ಎಂದುಕೊಂಡಿದ್ದದ್ದು ಇವರಿಗೆ ಗೊತ್ತಿತ್ತು. ತಮ್ಮ ಒರಟುತನವನ್ನು ನಾನು ಕೇಬಲ್ಲಿನಲ್ಲಿ ಮುಚ್ಚಿಡುತ್ತಿದ್ದೇನೆ ಎಂದು ಗೊತ್ತಿದ್ದೂ ಆ ಮೊಳೆಯ ಮುಂದೆ ನಿಂತು “ಬರೀ ಕಬ್ಬಿಣ” ಎನ್ನುತ್ತಿದ್ದರು.

“ನಿಮಗೆ ಗೊತ್ತಿತ್ತಾ?” ಎಂದೆ.

 ಆಡಿದ ಮಾತು ಆಗಲೇ ಹೊರಗೆ ಬಿದ್ದಾಗಿತ್ತು.

ನನ್ನ ಕೋಪದ ಬಗ್ಗೆ ನನಗೇ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಬಂದರೆ ಕಿವಿ ಕೇಳುವುದಿಲ್ಲ. ಆದರೆ ಅವತ್ತು ಕೋಪದ ಒಳಗೂ ಲೆಕ್ಕ ಸರಿಯಾಗಿತ್ತು. ಗಾಡಿ ಹಾಗೇ ಬಿಟ್ಟರೆ ಆ ಹುಡುಗ ತಡವರಿಸಿ ಸೋಲುತ್ತಾನೆ, ಹಾರ ಇವರಿಗೆ ಬೀಳುತ್ತದೆ, ಮೊಳೆಗೆ ಮೂರನೇ ಹಾರ ಏರುತ್ತದೆ. ನನ್ನ ಗಾಡಿ ಏನೂ ಅಲ್ಲ ಎಂದು ಊರೇ ಹೇಳುತ್ತದೆ, ಅದಕ್ಕೆ ನನ್ನ ಸುಮ್ಮನಿರುವಿಕೆಯೇ ಸಾಕ್ಷಿ. ಗಾಡಿಯನ್ನು ಅವನ ಕೈಗೆ ಹೊಂದಿಸಿದರೆ ನನ್ನ ಗಂಡನನ್ನು ನಾನೇ ಸೋಲಿಸಿದ ಹಾಗೆ. ಎರಡನ್ನೂ ಒಂದು ಗಳಿಗೆ ತೂಗಿದೆ. ಆಮೇಲೆ ಚಿತ್ರಾನ್ನದ ಡಬ್ಬಿಯನ್ನು ಇವರ ಕೈಗೆ ಕೊಟ್ಟು ಚೀಲ ಎತ್ತಿಕೊಂಡು ಎದ್ದೆ.

ಮರದಿಂದ ಗಾಡಿಯವರೆಗೆ ಐವತ್ತು ಹೆಜ್ಜೆ ಇರಬಹುದು. ಜನ ದಾರಿ ಬಿಟ್ಟರು. ನಾನು ಯಾರಿಗೋ ನೀರು ಕೊಡಲು ಹೊರಟಿದ್ದೇನೆ ಎಂದುಕೊಂಡಿರಬೇಕು. ಕೋಲಾರದವನು ತಲೆಯೆತ್ತಿ, “ಏನಮ್ಮಾ, ಇಲ್ಲಿಗೇ ಊಟ ತಂದ್ಯಾ?” ಎಂದು ಹಲ್ಲು ಕಿರಿದ. ನಾನು ಸೆರಗು ಬಿಗಿದು ಕಟ್ಟಿ, ನೆಲದ ಮೇಲೆ ಚೀಲ ಸುರಿದೆ. ಸ್ಪ್ಯಾನರು, ಇಕ್ಕಳ, ಸ್ಕ್ರೂಡ್ರೈವರು ಕಂಡಾಗ ಅವನ ಹಲ್ಲು ಒಳಗೆ ಹೋಯಿತು.

ಮಾಲೂರಿನ ಹುಡುಗ ಗಾಡಿಯ ಪಕ್ಕ ನಿಂತಿದ್ದ. “ಅಕ್ಕಾ, ನೀವಾ ಇದನ್ನ ಮಾಡಿದ್ದು?” ಎಂದ.

“ಮಾತು ಆಮೇಲೆ. ಹತ್ತಿ ಕೂತ್ಕೊಳಪ್ಪಾ. ಎಕ್ಸಲೇಟರ್ ಹೆಂಗೆ ಕೊಡ್ತೀಯ ತೋರ್ಸು. ಕ್ಲಚ್ ಹಿಡಿ. ಪೂರ್ತಿ ಒತ್ತಿ ಬಿಡು. ಈಗ ಬ್ರೇಕು.”

ಅವನು ತೋರಿಸಿದ. ಹೂವಿನ ಎಸಳು ಬಿಡಿಸುವಷ್ಟು ನಿಧಾನ ಕೈ. ಬೆರಳು ಕ್ಲಚ್ಚಿನ ಮೇಲೆ ಸುಮ್ಮನೆ ಕೂರುವುದಿಲ್ಲ, ಬೇಕಾದಾಗ ಬಂದು ಕೆಲಸ ಮುಗಿಸಿ ಹೋಗುತ್ತದೆ. ನಾನು ಎಕ್ಸಲೇಟರ್ ಕೇಬಲ್ಲಿನ ಸಡಿಲವನ್ನೆಲ್ಲ ಎಳೆದು ತೆಗೆದೆ. ಮೂರು ವರ್ಷದಿಂದ ಪೂರ್ತಿ ಬಾಯಿ ತೆರೆಯದ ಕಾರ್ಬೊರೇಟರ್ ಅವತ್ತು ಪೂರ್ತಿ ತೆರೆಯಿತು. ಕ್ಲಚ್ ಕೇಬಲ್ ಬಿಗಿ ಮಾಡಿದೆ. ಹಿಂದಿನ ಬ್ರೇಕಿನ ನಟ್ಟು ನಾಲ್ಕು ಸುತ್ತು ತಿರುಗಿಸಿದೆ. ರಾಗಿ ಬಟ್ಟೆ ಬಿಚ್ಚಿ, ಧೂಳು ಕೊಡವಿ, ಬೇರೆ ಬಟ್ಟೆ ಕಟ್ಟಿದೆ. ಸುತ್ತ ನೂರಾರು ಗಂಡಸರು ನಿಂತು ನೋಡುತ್ತಿದ್ದರು.  ಅಷ್ಟು ಸಲೀಸಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ.

ಬದಲಿ ಓಟ ಶುರುವಾಯಿತು.

ಮೊದಲ ಸುತ್ತಿನಲ್ಲಿ ತೂಬಿನ ಹತ್ತಿರದ ತಿರುವಿಗೆ ಬರುತ್ತಲೇ ನಮ್ಮವರು ಹಳೇ ಚಾಳಿಯಂತೆ ಎಕ್ಸಲೇಟರ್ ತಿರುಚಿದರು. ಅದು ನನ್ನ ಗಾಡಿಯಲ್ಲವಲ್ಲ, ಹಿಂದಿನ ಗಾಲಿ ಅಡ್ಡಡ್ಡ ಹೋಗಿ ಎರಡು ಪೆಟ್ಟಿಗೆ ಉರುಳಿದವು. ಜನ ನಕ್ಕರು. ನನಗೆ ನಗು ಬರಲಿಲ್ಲ. ಮಾಲೂರಿನವನು ನನ್ನ ಗಾಡಿಯ ಮೇಲೆ ಕೂತು ಮುಂದೆ ಹೊರಟುಹೋದ. ಆ ಗಾಡಿ ಅಷ್ಟು ಚೆನ್ನಾಗಿ ಓಡಬಲ್ಲದೆಂದು ಅದನ್ನು ಸಜ್ಜು ಮಾಡಿದ ನನಗೂ ಗೊತ್ತಿರಲಿಲ್ಲ. ಹೆಮ್ಮೆಯಿಂದ ನನ್ನ ಕಣ್ಣಲ್ಲಿ ನೀರು ಬಂತು, ಧೂಳಿನದೆಂದು ಒರೆಸಿಕೊಂಡೆ.

ಎರಡನೇ ಸುತ್ತಿನಲ್ಲಿ ಇನ್ನೊಂದು ಕಂಡಿತು. ಇವರು ತೂಬಿನ ತಿರುವಿಗೆ ಬಂದಾಗ ಕೈ ತಡೆದರು. ಎಕ್ಸಲೇಟರನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಕೊಟ್ಟರು. ಗಾಡಿ ಅಡ್ಡ ಹೋಗಲಿಲ್ಲ. ಮೂರನೇ ಸುತ್ತಿನಲ್ಲಿ ಕ್ಲಚ್ಚಿನ ಮೇಲಿನ ಬೆರಳೂ ಹೋಗಿತ್ತು. ಕೆಮ್ಮುವ ಗಾಡಿಯಲ್ಲಿ, ಹಿಂದೆ ಬಿದ್ದಿದ್ದ ದೂರವನ್ನೆಲ್ಲ ತಿನ್ನುತ್ತ ಬಂದರು. ಕೈ ಇತ್ತು ಮನುಷ್ಯನಿಗೆ! ನಾನೇ ಸಡಿಲ ಬಿಟ್ಟು ಬಿಟ್ಟು ಅದು ಕಲಿಯದಂತೆ ಮಾಡಿಟ್ಟಿದ್ದೆ. ನಾನು ನಿಂತಲ್ಲೇ ಕೂಗಲು ಶುರುಮಾಡಿದೆ. ಯಾರ ಪರ ಕೂಗುತ್ತಿದ್ದೆ ಎಂದು ಕೇಳಬೇಡಿ. ಗಾಡಿಯೂ ನನ್ನದು, ಗಂಡನೂ ನನ್ನವನು. ಗೆರೆ ದಾಟುವಾಗ ಇಬ್ಬರ ನಡುವೆ ಒಂದು ಗಾಲಿಯಷ್ಟು ಅಂತರ ಇತ್ತು.

ಗೆದ್ದದ್ದು ನನ್ನ ಗಾಡಿ.

ಯಜಮಾನರು ಹಾರ ಹಿಡಿದು ಎದ್ದು ಬಂದರು. ಕೋಲಾರದವನಿಗೆ ತಡೆಯಲಾಗಲಿಲ್ಲ. “ಯಜಮಾನ್ರೇ, ಆ ಯಮ್ಮ ಈಗ ಎರಡು ನಟ್ಟು ತಿರುಗಿಸ್ತು, ಅಷ್ಟೇ. ಗಾಡಿ ಮಾಡಿದ್ದು ಇವರ ಮಾವ. ಇವರೇ ಎಲ್ಲಾ ಕಡೆ ಹೇಳ್ಕೊಂಡ್ ತಿರುಗವ್ರೆ,” ಎಂದ. ಯಜಮಾನರು ನಮ್ಮವರ ಕಡೆ ತಿರುಗಿದರು.

“ಏನಪ್ಪಾ, ನಿನ್ನ ಬಾಯಲ್ಲೇ ಹೇಳು. ಗಾಡಿ ಸಜ್ಜು ಮಾಡಿದ್ದು ನಿಮ್ಮ ಮಾವನೋ, ಈ ತಾಯಿನೋ?”

ಇವರು ಗಾಡಿಯಿಂದ ಇಳಿದು ನಿಂತಿದ್ದರು. ಮುಖ, ಮೀಸೆ, ರೆಪ್ಪೆ ಎಲ್ಲ ಕೆರೆಯ ಮಣ್ಣು. ಸೋತವರ ಮುಖ ಹೇಗಿರುತ್ತದೆಂದು ನಾನು ಅವರಲ್ಲಿ ಅದುವರೆಗೆ ನೋಡಿರಲಿಲ್ಲ. “ಮಾವ” ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು.  ಅವರು ನನ್ನ ಕಡೆ ನೋಡಿದರು, ಆಮೇಲೆ ಜನರ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ನಮ್ಮ ಮನೆಯವ್ರು. ಈ ವರ್ಷ ಅಲ್ಲ, ಮೂರು ವರ್ಷದಿಂದ ಇವರೇ. ಮಾವ ಅಂತ ನಾನು ಸುಳ್ಳು ಹೇಳ್ತಿದ್ದೆ.”

ಯಜಮಾನರು ಹಾರವನ್ನು ಗಾಡಿಯ ಹೆಡ್‌ಲೈಟಿಗೆ ಹಾಕಿದರು. ನಾನು ಮಸಿ ಕೈಯಲ್ಲೇ ಹ್ಯಾಂಡಲ್ ಹಿಡಿದು ನಿಂತೆ. ಮಾಲೂರಿನ ಹುಡುಗ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದ. ಆ ಚಪ್ಪಾಳೆ ಇವತ್ತಿಗೂ ನನ್ನ ಕಿವಿಯಲ್ಲಿದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹೊರಡುವಾಗ ಇವರು ಗಾಡಿ ಹತ್ತಿದರು, ನಾನು ಹಿಂದೆ ಕೂತೆ. ಇವರು ಅಭ್ಯಾಸದಂತೆ ಎಕ್ಸಲೇಟರ್ ಜಗ್ಗಿದರು. ಕೇಬಲ್ ಈಗ ಬಿಗಿ. ಗಾಡಿ ಕುದುರೆಯಂತೆ ನೆಗೆಯಿತು. ಗಾಬರಿಯಲ್ಲಿ ಬ್ರೇಕ್ ತುಳಿದರು, ಅದೂ ಬಿಗಿ. ನಿಂತಲ್ಲೇ ನಿಂತು ಇಬ್ಬರೂ ಮುಗ್ಗರಿಸಿದೆವು, ಡಬ್ಬಿ ಉರುಳಿ ಚಿತ್ರಾನ್ನವೆಲ್ಲ ಕೆರೆಯ ಪಾಲಾಯಿತು. ಜನ ಕೇಕೆ ಹಾಕಿದರು. ಇವರು ಇಳಿದು, ನಗುತ್ತಲೇ “ನೀನೇ ಓಡ್ಸಮ್ಮಾ ತಾಯಿ,” ಎಂದರು.

ನಾನು ಸೀರೆ ಎತ್ತಿ ಕಟ್ಟಿ ಮುಂದೆ ಕೂತೆ. ಇವರು ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಮುಳಬಾಗಿಲಿನ ದಾರಿಯಲ್ಲಿ ಎದುರು ಬಂದ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದು ಕೈ ಬೀಸಿದ. ಬೆಟ್ಟದ ಬಂಡೆಗಳು ಕಂಡವು. ಇವರು ನನ್ನ ಕಿವಿಯ ಹತ್ತಿರ ಬಂದು, “ಮುಂದಿನ ವರ್ಷ ನನಗೆ ಅಂತ ಸಡಿಲ ಬಿಡ್ಬೇಡ. ಹಿಂಗೇ ಇರ್ಲಿ. ನಾನು ಕಲ್ತ್ಕೋತೀನಿ,” ಎಂದರು. ನಾನು ಹೂಂ ಎಂದೆ, ಗುಂಯ್ ಎನ್ನುವ ಗಾಳಿಯಲ್ಲಿ ಕೇಳಿಸಿತೋ ಇಲ್ಲವೋ.

ನಮ್ಮ ಬೀದಿಯ ತುದಿ ಬಂತು. ಅಲ್ಲಿ ನಿಲ್ಲಿಸಿ ಜಾಗ ಬದಲಾಯಿಸಿಕೊಳ್ಳೋಣ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ, ಅತ್ತೆ ನೋಡಿದರೆ ಏನಂದಾರು ಎಂದು. ಗಾಡಿ ನಿಧಾನ ಮಾಡಿದೆ. ಹಿಂದಿನಿಂದ ಬೆನ್ನಿನ ಮೇಲೆ ಕೈ ಬಿತ್ತು.

“ನಿಲ್ಲಿಸ್ಬೇಡ ಕಣೇ. ಸೀದಾ ಮನೆ ಬಾಗಿಲಿಗೇ ಹೋಗ್ಲಿ.”

ಅತ್ತೆ ಜಗಲಿಯ ಮೇಲೆ ಕೂತು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು. ಹಾರ ನೋಡಿದರು, ನನ್ನನ್ನು ನೋಡಿದರು, ಹಿಂದೆ ಚೀಲ ಹಿಡಿದು ಕೂತ ಮಗನನ್ನು ನೋಡಿದರು. “ತವರಿಗೆ ಅಂತ ಅಲ್ವೇನೇ ಹೋಗಿದ್ದು?” ಎಂದರು.

“ಓಟ ಗೆದ್ದೆ ಅತ್ತೆಮ್ಮಾ,” ಎಂದೆ. ಇವರು ಹಿಂದಿನಿಂದ “ಹೌದಮ್ಮಾ,” ಎಂದರು.

ಅತ್ತೆ ಎದ್ದು ಬಂದು ಎಂದಿನಂತೆ ನನ್ನ ಬಲಗೈ ಹಿಡಿದು ಮೂಸಿದರು. ನಾನು ಬಚ್ಚಲ ಕಡೆ ಹೋಗಲು ಅಣಿಯಾದೆ. ಅವರು ಕೈ ಬಿಡಲಿಲ್ಲ. “ಇವತ್ತು ತೊಳ್ಕೊಳೋ ಅವಸರ ಬೇಡ. ಸೊಪ್ಪು ನಾನು ಹಾಕ್ತೀನಿ,” ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಹುಳದ ಮನೆಗೆ ಹೋದರು.

ಒಳಗೆ ಹೋಗಿ ನೋಡಿದರೆ ಆ ಮೊಳೆಯಲ್ಲಿ ಮೂರನೇ ಹಾರಕ್ಕೆ ಜಾಗ ಸಾಲದು. ಇವರು ನನ್ನ ಚೀಲದಿಂದ ಸುತ್ತಿಗೆ ತೆಗೆದು, ಪಕ್ಕದಲ್ಲಿ ಒಂದು ಗೇಣು ಮೇಲಕ್ಕೆ ಹೊಸ ಮೊಳೆ ಹೊಡೆದರು. ಎರಡು ಪೆಟ್ಟು ಗೋಡೆಗೆ, ಒಂದು ಪೆಟ್ಟು ತಮ್ಮ ಹೆಬ್ಬೆರಳಿಗೆ. ನಾನು ಹಾರ ಹಾಕಿದೆ.